ಖಾಲಿ ಕುರ್ಚಿಗೆ ಸೂಪು

ಮಾರ್ಚ್ 3

ಇವತ್ತೂ ಭಾವ ಏಳುವ ಮುಂಚೆ ಹಾಸಿಗೆ ಸುತ್ತಿ ನಡುಮನೆಯ ಮೂಲೆಗೆ ತಳ್ಳಿದೆ. ಅವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಪೇಪರ್ ಮಡಚುವ ಸದ್ದಿನಲ್ಲೇ ಎಲ್ಲ ಹೇಳಿಬಿಡುತ್ತಾರೆ. ಪಾಪ, ಅಕ್ಕ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಾಳೆ.

ಆದರೆ — ಕೆಲಸ ಸಿಕ್ಕಿತು! ಬಸ್ ಸ್ಟಾಪಿನ ಎದುರಿನ ರೆಸ್ಟೋರೆಂಟ್. ಅಲ್ಲಿನ ಮೇಲ್ವಿಚಾರಕರನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. "ಮುಂಚೆ ಎಲ್ಲಾದ್ರೂ ಸರ್ವ್ ಮಾಡಿದ್ದೀಯಾ?" ಎಂದು ಕೇಳಿದರು.

"ಮನೇಲಿ ಭಾವನಿಗೆ ಬಡಿಸಿದ್ದೀನಿ ಸರ್. ಅವರಿಗಿಂತ ಕಷ್ಟದ ಗಿರಾಕಿ ನಿಮ್ಮಲ್ಲೂ ಇರಲ್ಲ."

ನಕ್ಕುಬಿಟ್ಟರು. ನಾಳೆಯಿಂದ ಟ್ರಯಲ್. ಖಾಯಂ ಆದರೆ ಮಹಡಿಯಲ್ಲಿ ಒಂದು ರೂಮು ಕೊಡುತ್ತಾರಂತೆ. ನನ್ನದೇ ರೂಮು. ಕೂರಬೇಕೆನಿಸಿದಾಗ ಕೂರಬಹುದು. ಯಾರೂ ಎಬ್ಬಿಸುವುದಿಲ್ಲ. ನನಗೆ ಅಷ್ಟು ಸಾಕು.

ಮಾರ್ಚ್ 4

ಏಪ್ರನ್ ಕೊಟ್ಟರು. ಹೊಸದಲ್ಲ, ಮುಂಚೆ ಇದ್ದವಳದು. ಅಳತೆ ತೆಗೆದು ಹೊಲಿಸಿದಂತೆ ಸರಿಹೋಯಿತು. ಜೇಬಿನಲ್ಲಿ ಅವಳ ಹಸಿರು ಹೇರ್‌ಪಿನ್ ಇತ್ತು. ಎಸೆಯಲು ಮನಸ್ಸಾಗಲಿಲ್ಲ... ಅಲ್ಲೇ ಬಿಟ್ಟೆ.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಬಾಗಿಲು ಹಾಕಿ ರಿಹರ್ಸಲ್. ಹೊಸಬರು ಮೂಲೆ ಟೇಬಲ್ಲಿನ ಖಾಲಿ ಕುರ್ಚಿಗೆ ಬಡಿಸಿ ಕಲಿಯಬೇಕು, ಇಲ್ಲಿನ ಪದ್ಧತಿ. ನಿಜವಾದ ನೀರು, ನಿಜವಾದ ಬಿಸಿ ಸೂಪು.

"ಕುರ್ಚೀಲಿ ಯಾರೋ ಇದ್ದಾರೆ ಅಂದ್ಕೊಂಡೇ ಮಾಡ್ಬೇಕು," ಅಂದರು ಕ್ಯಾಪ್ಟನ್. "ಬೇರೆ ಟೇಬಲ್‌ಗೆ 'ಇನ್ನೇನಾದ್ರೂ ಬೇಕಾ' ಅಂತ ಕೇಳದೆ ಬರಬಾರ್ದು. ಈ ಟೇಬಲ್‌ಗೆ ಮಾತ್ರ ಕೇಳ್ಬೇಡ."

"ಯಾಕೆ ಸರ್?"

"ಯಾರೂ ಇಲ್ವಲ್ಲ. ಯಾರನ್ನ ಕೇಳ್ತೀಯಾ?"

ಹೇಳುತ್ತಲೇ ಆ ಕುರ್ಚಿಯ ಮುಂದಿನ ನ್ಯಾಪ್‌ಕಿನ್ ಅನ್ನು ತುಂಬಾ ಮರ್ಯಾದೆಯಿಂದ ಸರಿಪಡಿಸಿದರು.

ಮಾರ್ಚ್ 6

ಟ್ರೇ ವಾಲಿ ಸೂಪು ಚೆಲ್ಲಿದೆ. ಕುರ್ಚಿ ಸರಕ್ಕನೆ ಹಿಂದೆ ಸರಿಯಿತು, ಮೈಮೇಲೆ ಬಿಸಿ ಬಿದ್ದವರು ಸರಿಯುವ ಹಾಗೆ. ಥತ್, ನನ್ನ ಕಾಲೇ ತಗುಲಿರಬೇಕು. ಆದರೂ "ಸಾರಿ" ಅಂದೆ. ಅಂದಮೇಲೆ ಹೆದರಿಕೆಯಾಯಿತು.

ಎತ್ತುವಾಗ ಬಟ್ಟಲು ಅರ್ಧ ಖಾಲಿ. ಅಷ್ಟೊಂದು ಚೆಲ್ಲಿರಲಿಲ್ಲ.

ಪಾತ್ರೆ ತೊಳೆಯುವ ಅಜ್ಜಿಗೆ ತೋರಿಸಿದೆ. ಕೈ ನಿಲ್ಲಿಸಲೇ ಇಲ್ಲ. "ಆ ಟೇಬಲ್ ಚಮಚ ಯಾವಾಗ್ಲೂ ಎಂಜಲಾಗೇ ಬರುತ್ತೆ ಮಗಳೇ. ನಾನು ತೊಳೀತೀನಿ. ಏನು ಎತ್ತ ಅಂತ ಕೇಳೋಕೆ ಹೋಗಲ್ಲ."

ಮಾರ್ಚ್ 11

ನಾಲ್ಕು ದಿನ ಬರೆಯಲು ಪುರಸೊತ್ತೇ ಇಲ್ಲ. ನಿಜವಾದ ಟೇಬಲ್‌ಗಳನ್ನೂ ಕೊಟ್ಟಿದ್ದಾರೆ. ಟ್ರೇ ಈಗ ಅಂಗೈಯಲ್ಲಿ ಅಲುಗುವುದಿಲ್ಲ. ಕಾಲು ಮಾತ್ರ ಬಿದ್ದುಹೋಗುತ್ತಿದೆ.

ರಾತ್ರಿ ಊಟಕ್ಕೆ ಕೂತ ಭಾವನಿಗೆ ಬಾಯಿತಪ್ಪಿ "ಇನ್ನೇನಾದ್ರೂ ಬೇಕಾ ಸರ್?" ಅಂದುಬಿಟ್ಟೆ. ಅಕ್ಕನಿಗೆ ನಕ್ಕು ನೆತ್ತಿಗೇರಿತು. ಭಾವನೂ ನಕ್ಕರು! ಈ ಮನೆಯಲ್ಲಿ ನಾನು ಭಾರವಲ್ಲ ಅನ್ನಿಸಿದ್ದು ಇವತ್ತೇ.

ಏಪ್ರನ್ ಯಾರದೆಂದು ಅಜ್ಜಿಯನ್ನು ಕೇಳಿದೆ. "ಒಳ್ಳೆ ಹುಡುಗಿ. ಖಾಯಂ ಆದ ದಿನಾನೇ ಏಪ್ರನ್ ಬಿಚ್ಚಿಟ್ಟು ಹೋದ್ಲಂತೆ. ಚಪ್ಪಲಿ ಇನ್ನೂ ಹಿಂಬಾಗಿಲಲ್ಲೇ ಇದೆ ನೋಡು."

ನೋಡಿದೆ. ಧೂಳು ಹಿಡಿದಿದೆ. ಬರಿಗಾಲಲ್ಲಿ ಯಾರಾದರೂ ಕೆಲಸ ಬಿಟ್ಟು ಹೋಗುತ್ತಾರಾ?

ಮಾರ್ಚ್ 12, ಮಧ್ಯಾಹ್ನ

ಖಾಯಂ! ಸಂಜೆ ರೂಮಿನ ಕೀ ಕೊಡುತ್ತೇನೆ ಅಂದರು ಕ್ಯಾಪ್ಟನ್. ಇದೊಂದು ರಿಹರ್ಸಲ್ ಮುಗಿಸು, ಇನ್ನು ಬೇಕಾಗಿಲ್ಲ ಅಂದರು.

ಸೂಪು ಇಟ್ಟೆ. ಒಂದು ಹನಿಯೂ ಚೆಲ್ಲಲಿಲ್ಲ. ಖುಷಿಯಲ್ಲಿ ಮೈಮೇಲೆ ಎಚ್ಚರವಿರಲಿಲ್ಲ... ಕೇಳಿಬಿಟ್ಟೆ. ಇನ್ನೇನಾದ್ರೂ ಬೇಕಾ?

"ನನ್ನ ಪಿನ್ನು. ಕೂದ್ಲು ಮುಖದ ಮೇಲೆ ಬರ್ತಿದೆ."

ನನ್ನ ವಯಸ್ಸಿನದೇ ದನಿ. ಜೇಬಿನಿಂದ ತೆಗೆದು ಅಂಗೈ ಚಾಚಿದೆ. ಓಡಬೇಕಿತ್ತು. ಆದರೆ ಗಿರಾಕಿಗೆ ಇಲ್ಲ ಅನ್ನುವುದು ಮರೆತೇಹೋಗಿದೆ. ಬೆರಳುಗಳು ಪಿನ್ನನ್ನು ತೆಗೆದುಕೊಂಡವು. ಬೆಚ್ಚಗಿದ್ದವು. ಅದೇ ಹೆಚ್ಚು ಹೆದರಿಸಿತು.

"ನೀನೂ ಸ್ವಲ್ಪ ಕೂತ್ಕೊಳ್ಳೆ. ನಿಂತೂ ನಿಂತೂ ಕಾಲು ಸೋತಿರ್ಬೇಕು."

ಇಷ್ಟು ದಿನದಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಅಳು ಬಂತು. ಕುರ್ಚಿ ತಾನಾಗಿ ಹಿಂದೆ ಸರಿಯಿತು. ಏಪ್ರನ್ ತೊಟ್ಟು ಗಿರಾಕಿಯ ಕುರ್ಚಿಯಲ್ಲಿ ಕೂರುವಂತಿಲ್ಲ. ಜೇಬಿನಿಂದ ಪೆನ್ನು, ಈ ಡೈರಿ ಮಾತ್ರ ತೆಗೆದುಕೊಂಡು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಕೂತೆ.

ಆಹಾ... ಎಂಥ ಸುಖ.

ಈಗ ಹಿಂಬಾಗಿಲಲ್ಲಿ ಚಪ್ಪಲಿಯ ಸದ್ದು. ಯಾರೋ ಓಡಿಹೋಗುತ್ತಿದ್ದಾರೆ. ಏಳೋಣವೆಂದರೆ —

ತಾರೀಖು ತಿಳಿಯುತ್ತಿಲ್ಲ

ಅಕ್ಕ ಬಂದಿದ್ದಳು. ಪಕ್ಕದ ಟೇಬಲ್ಲಿನಲ್ಲೇ ಕೂತಳು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಹೇಳದೆ ಕೇಳದೆ ಬಿಟ್ಟುಹೋದ್ಲು ಅಮ್ಮಾ," ಅಂದರು ಕ್ಯಾಪ್ಟನ್, ನನ್ನ ಕಡೆ ನೋಡದೆ. ನೋಡದಿರಲು ಕಷ್ಟಪಡುತ್ತಿದ್ದರು.

"ಅವಳು ಹಾಗೆ ಹೋಗೋಳಲ್ಲ ಸರ್. ಚಪ್ಪಲಿ ಇಲ್ಲೇ ಇದೆ. ನಮ್ಮನೆಯವ್ರೂ ಬೀದಿ ಬೀದಿ ಹುಡುಕ್ತಿದ್ದಾರೆ."

ಭಾವ ಹುಡುಕುತ್ತಿದ್ದಾರೆ! ಅಕ್ಕಾ, ಇಲ್ಲೇ ಇದ್ದೀನಿ ಕಣೇ ಎಂದು ಗಂಟಲು ಹರಿಯುವಂತೆ ಕೂಗಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕುರ್ಚಿಯನ್ನೇ ಸುತ್ತಿಕೊಂಡು ಹೊರಗೆ ಹೋದಳು.

ಮಧ್ಯಾಹ್ನ

ಹೊಸಬಳು ಬಂದಿದ್ದಾಳೆ. ನನ್ನದೇ ಏಪ್ರನ್. ಜೇಬಿನಲ್ಲಿ ನನ್ನ ಪೆನ್ನಿನ ಮುಚ್ಚಳ ಸಿಕ್ಕಿತು ಅವಳಿಗೆ. ತಿರುಗಿಸಿ ನೋಡಿ ಮತ್ತೆ ಒಳಗೇ ಹಾಕಿಕೊಂಡಳು. ಒಳ್ಳೆಯವಳು. ಎಸೆಯುವವಳಲ್ಲ.

ಕೆಲವು ದಿನ ಕಳೆದು, ಮಧ್ಯಾಹ್ನ

ಇವತ್ತು ಖಾಯಂ ಆಯಿತಂತೆ. ಮುಖವೆಲ್ಲ ನಗು. ಸೂಪು ತಂದಿಟ್ಟಳು, ಒಂದು ಹನಿ ಚೆಲ್ಲಲಿಲ್ಲ. ಕೇಳಬೇಡ ಕಣೇ. ನಿನಗೂ ಅಕ್ಕ ಇರಬಹುದು, ಕೇಳಬೇಡ.

ಟ್ರೇ ಎತ್ತಿಕೊಂಡು ಹೊರಟಳು. ಸದ್ಯ.

ನಿಂತಳು. ತಿರುಗಿದಳು. ಕೇಳಬೇಡ, ಕೇಳಬೇಡ... ಕೇಳು.

"ಇನ್ನೇನಾದ್ರೂ ಬೇಕಾ?"

ನನ್ನ ಮುಚ್ಚ