ಎರಡು ಮನೆಯ ನೀರಿನ ಕಮಾನು

ಪ್ಲವಂಗ ಸಂವತ್ಸರ, ಶ್ರಾವಣದ ಐವತ್ತೆರಡನೆಯ ದಿನ, ಇಸವಿ ಎರಡು ಸಾವಿರದ ಇನ್ನೂರ ಏಳು
ಧಾರವಾಡ, ಏಳನೆಯ ಗೋಪುರ, ಹದಿನೆಂಟನೆಯ ಅಂತಸ್ತು

ಪಡಸಾಲೆಯಲ್ಲಿ ಚಂದಕ್ಕೆಂದು ಮೀನು ಸಾಕುವ ಹಿಂದಿನ ಕಾಲದವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಾಗಿದೆ ಎಂದುಕೊಳ್ಳಬೇಡಿ. ಮೊದಲ ದೊಡ್ಡ ಮಳೆ ಬಿದ್ದು ಕೆರೆಯ ತಳ ಮುಚ್ಚುವವರೆಗೆ ನಮ್ಮಲ್ಲಿ ಶ್ರಾವಣ ಮುಗಿಯುವುದಿಲ್ಲ. ಒಮ್ಮೆ ಎಪ್ಪತ್ತು ದಿನ ನಡೆದದ್ದೂ ಉಂಟು. ಭಾಷೆ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ಈ ಬರಹದ ಕನ್ನಡವನ್ನು ನಿಮ್ಮ ಕಾಲದ ಪುಸ್ತಕಗಳನ್ನು ನೋಡಿ ಕಲಿತೆ. ಜನರ ಮಾತನ್ನು ಮಾತ್ರ ಅವರು ಆಡಿದ ಹಾಗೆಯೇ ಇಟ್ಟಿದ್ದೇನೆ. ಹಿಂದಿನ ಕಾಲಕ್ಕೆ ಕಾಗದ ಕಳಿಸುವ ಕಚೇರಿಯವನು "ತಲುಪತೈತಿ ಬಿಡ್ರೀ" ಎಂದ. ಹಾಗೆನ್ನುವಾಗ ಅವನು ನನ್ನ ಮುಖ ನೋಡಲಿಲ್ಲ, ಆದ್ದರಿಂದ ನನಗೆ ಪೂರ್ತಿ ನಂಬಿಕೆಯಿಲ್ಲ. ಆದರೂ ಬರೆಯುತ್ತೇನೆ. ಇಲ್ಲಿ ಇದನ್ನು ಕೇಳುವವರೆಲ್ಲ ಆಗಲೇ ಒಂದೊಂದು ಪಕ್ಷ ಹಿಡಿದುಬಿಟ್ಟಿದ್ದಾರೆ.

ನಮ್ಮ ಕಾಲದಲ್ಲಿ ಮೀನಿಲ್ಲದ ಮನೆಯಿಲ್ಲ, ಆದರೆ ಅದು ಚಂದಕ್ಕಲ್ಲ. ದಿನದ ಬಳಕೆಗೆ ಕೊಳವೆಯಲ್ಲಿ ಮನೆಗೆ ನಾಲ್ಕು ಕೊಡ ನೀರು ಬರುತ್ತದೆ. ಅದಲ್ಲದೆ ಪ್ರತಿ ಮನೆಯಲ್ಲೂ ಒಂದು ಗಾಜಿನ ತೊಟ್ಟಿ ಇರಬೇಕು. ಅದರಲ್ಲಿರುವುದನ್ನು ಕಡೆನೀರು ಎನ್ನುತ್ತೇವೆ. ಕೊಳವೆ ಪೂರ್ತಿ ಒಣಗಿದ ದಿನ ಬದುಕಿಸುವ ನೀರು ಅದು. ಅಂತಸ್ತಿನ ಸಭೆ ಹೇಳುವವರೆಗೆ ಅದಕ್ಕೆ ಕೈ ಹಾಕುವಂತಿಲ್ಲ. ನೀರು ಕೆಟ್ಟರೆ ಮೊದಲು ತಿಳಿಯಲಿ ಎಂದು ಅದರಲ್ಲಿ ಬೆರಳುದ್ದದ ಕಾವಲು ಮೀನುಗಳನ್ನು ಬಿಡುತ್ತಾರೆ. ಹೀಗೆ ತೊಟ್ಟಿಯ ಜೊತೆ ಬದುಕಬೇಕಾಗಿ ಬಂದಾಗ ಜನ ಅದಕ್ಕೆ ಬಗೆಬಗೆಯ ರೂಪ ಕೊಟ್ಟರು. ನಮ್ಮ ಅಂತಸ್ತಿನ ಹಿರಿಯ ಮೌನೇಶ ಬಡಿಗೇರರ ಮನೆಯಲ್ಲಿ ಆಳೆತ್ತರದ ಗಾಜಿನ ಕೊಳವೆ ತೊಟ್ಟಿಯೊಳಗೆ ಬಾಯಿ ಕೆಳಗಾಗಿ ನಿಂತಿದೆ. ಅದರ ತುದಿಯವರೆಗೂ ನೀರಿದೆ, ಮೀನುಗಳು ಅದರಲ್ಲಿ ಹತ್ತಿ ಇಳಿಯುತ್ತವೆ. ಕೆಲವರು ಮಲಗುವ ಮಂಚದ ಮೇಲೆ ಹಾಯುವಂತೆ ಗಾಜಿನ ಕಾಲುವೆ ಮಾಡಿಸಿಕೊಂಡಿದ್ದಾರೆ. ಗುಂಡಗಿನ ಗಾಜಿನ ಬುರುಡೆ ತೊಟ್ಟಿಗಳು ಮಾತ್ರ ಈಗ ಕಿಟಕಿಯ ಹತ್ತಿರ ಇಲ್ಲ. ಹನ್ನೆರಡನೆಯ ಅಂತಸ್ತಿನಲ್ಲಿ ಅಂಥದೊಂದು ಬುರುಡೆ ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸಿ ಪರದೆಗೆ ಬೆಂಕಿ ಹಚ್ಚಿತು. ಮನೆಯವರು ತಿಂಗಳುಗಟ್ಟಲೆ ಪಕ್ಕದವರ ಮೇಲೆ ಅನುಮಾನಪಟ್ಟರು.

ನಮ್ಮ ತೊಟ್ಟಿಯನ್ನು ಕಟ್ಟಿದವಳು ನನ್ನ ಅತ್ತೆ ದ್ಯಾಮವ್ವ. ಅವಳಿಗೆ ಗಾಜಿನ ಕೆಲಸ ಗೊತ್ತಿತ್ತು. ಇಬ್ಬರು ಗಂಡುಮಕ್ಕಳಿಗೆ ಅಕ್ಕಪಕ್ಕ ಮನೆ ಸಿಕ್ಕಾಗ ನನ್ನ ಮನೆಯಲ್ಲೊಂದು, ನನ್ನ ನೆಗೆಣ್ಣಿ ಕಸ್ತೂರಿಯ ಮನೆಯಲ್ಲೊಂದು ತೊಟ್ಟಿ ಇಟ್ಟಳು. ಕಸ್ತೂರಿ ನನ್ನ ಮೈದುನನ ಹೆಂಡತಿ. ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು, ಈ ತೊಟ್ಟಿಯಿಂದ ಎದ್ದು ಆ ತೊಟ್ಟಿಗೆ ಇಳಿಯುವ ದಪ್ಪ ಗಾಜಿನ ಕಮಾನು ಕೂಡಿಸಿದಳು. ಎರಡೂ ಬಾಯಿ ನೀರಿನೊಳಗೆ, ನೆತ್ತಿಯಲ್ಲಿ ತೂತು ಮುಚ್ಚುವ ಒಂದು ಸಣ್ಣ ಬಿರಟೆ. ಆ ತೂತಿಗೆ ನಳಿಗೆ ಹಚ್ಚಿ ಒಳಗಿನ ಗಾಳಿ ಎಳೆದಳು, ಎರಡೂ ಕಡೆಯಿಂದ ನೀರು ತಾನಾಗಿ ಏರಿ ನೆತ್ತಿಯಲ್ಲಿ ಕೂಡಿತು. ನಾನು ಅಂದೇ ಕೇಳಿದ್ದೆ, ಇದು ಬೀಳುವುದಿಲ್ಲ ಎಂದು ಏನು ಭರವಸೆ ಅಂತ. ಅವಳು ತಟ್ಟೆಯ ನೀರಿನಲ್ಲಿ ಲೋಟ ಮುಳುಗಿಸಿ, ಬಾಯಿ ಕೆಳಗೆ ಮಾಡಿ ಮೆಲ್ಲಗೆ ಎತ್ತಿದಳು. ಲೋಟದ ನೀರು ಲೋಟದಲ್ಲೇ ನಿಂತಿತ್ತು.

"ನೀರು ತಾನ ನಿಂತಿಲ್ಲವ್ವಾ," ಎಂದಳು. "ಸುತ್ತಲಿನ ಗಾಳಿ ತಟ್ಟ್ಯಾಗಿನ ನೀರನ್ನ ಒತ್ತಿ ಹಿಡದೈತಿ. ಮ್ಯಾಲ ಒಂದು ಸೂಜಿತೂತು ಬಿತ್ತಂದ್ರ ಎಲ್ಲಾ ಕೆಳಗ."

ಹೀಗೆ ಕೂಡಿದ ತೊಟ್ಟಿಗಳಲ್ಲಿ ನೀರು ಯಾವಾಗಲೂ ಒಂದೇ ಮಟ್ಟಕ್ಕಿರುತ್ತದೆ. ಒಂದರಲ್ಲಿ ತೆಗೆದರೆ ಎರಡರಲ್ಲೂ ಇಳಿಯುತ್ತದೆ. ಸೊಸೆಯರು ಬೇರೆಯಾಗದಿರಲಿ ಎಂದು ಅತ್ತೆ ಹಾಗೆ ಮಾಡಿದಳು ಎಂದು ಜನ ಹೊಗಳಿದರು. ಯಾರು ತೆಗೆದರೆಂದು ಎಂದಿಗೂ ತಿಳಿಯದ ವ್ಯವಸ್ಥೆ ಇದು ಎಂದು ನನಗೆ ಅನಿಸಿತು. ಅತ್ತೆ ಇರುವವರೆಗೆ ಬಾಯಿ ಬಿಡಲಿಲ್ಲ. ಅವಳು ಹೋದ ಮರುವರ್ಷದ ಬೇಸಿಗೆಯಲ್ಲಿ, ಗಂಡಂದಿರಿಬ್ಬರೂ ಕೊಳವೆ ಕಾಯಲು ಕಾಳಿ ನದಿಯ ಕಡೆ ಹೋಗಿದ್ದಾಗ, ನೀರು ದಿನಕ್ಕೆ ಬೆರಳಗಲದ ಕಾಲು ಭಾಗದಷ್ಟು ಇಳಿಯತೊಡಗಿತು.

ಒಣಗಾಳಿಗೆ ತೆರೆದ ನೀರು ಅಷ್ಟು ಆರುವುದು ಸಹಜ. ಆಗ ನನಗೆ ಆ ಮಾತು ಹೊಳೆಯಲಿಲ್ಲ, ಹೊಳೆದಿದ್ದರೂ ಒಪ್ಪುತ್ತಿರಲಿಲ್ಲ. ಕಸ್ತೂರಿ ಹಿಂದಿನ ವಾರವಷ್ಟೇ ತಲೆ ತೊಳೆದುಕೊಂಡಿದ್ದಳು. ನಾಲ್ಕು ಕೊಡದಲ್ಲಿ ಅಷ್ಟು ಉದ್ದ ಕೂದಲು ತೊಳೆಯುವುದು ಹೇಗೆ ಎಂದು ಲೆಕ್ಕ ಹಾಕಿದೆ. ಕಿಂಡಿಯ ಹತ್ತಿರ ನಿಂತು ನೋಡತೊಡಗಿದೆ. ಮೂರನೆಯ ದಿನ ಕಮಾನಿನ ಗಾಜಿನ ಮೂಲಕ ಅವಳು ತೊಟ್ಟಿಯ ಬಳಿ ಬಂದದ್ದು ಕಂಡಿತು. ಕೈಯಲ್ಲಿ ದೊಡ್ಡ ಹೊಟ್ಟೆಯ ಕೊಡ. ಅವಳು ಬಗ್ಗಿದಳು, ಎದ್ದಳು, ಹೋದಳು.

ನೇರವಾಗಿ ಕೇಳಲಿಲ್ಲ, ಸುತ್ತಿ ಕೇಳಿದೆ. "ಕಸ್ತೂರಿ, ನೀರು ಇಳಿಯಾಕತ್ತೈತಲ್ಲ, ನಿನ್ನ ಕಡೆ ಏನರ ಆಗೈತೇನು?"

ಅವಳ ಮುಖ ಸಣ್ಣದಾಯಿತು. "ನಾನೂ ಅದನ್ನ ನೋಡಾಕತ್ತೀನಿ ಅಕ್ಕಾ," ಎಂದಳು. ಹಾಗೆನ್ನುತ್ತಲೇ ಒಳಗೆ ಹೋದಳು. ಕದ್ದವರ ಮುಖ ಹಾಗೆಯೇ ಇರುತ್ತದೆ ಎಂದು ನಾನು ತೀರ್ಮಾನಿಸಿದೆ.

ಆಮೇಲೆ ನನಗೆ ಇನ್ನೊಂದು ಯೋಚನೆ ಹತ್ತಿತು. ನಾನು ಅವಳನ್ನು ನೋಡುವಂತೆ ಅವಳೂ ನನ್ನನ್ನು ನೋಡುತ್ತಿರಬೇಕು. ನಾನು ಯಾವಾಗ ಹೊರಗೆ ಹೋಗುತ್ತೇನೆ ಎಂದು ತಿಳಿದುಕೊಂಡೇ ತೆಗೆಯುತ್ತಿರಬೇಕು. ಪೆಟ್ಟಿಗೆಯಿಂದ ಅತ್ತೆ ಹಳೆಯ ಬಟ್ಟೆಗಳನ್ನು ಕೂಡಿಸಿ ಹೊಲಿದ ಕೌದಿ ತೆಗೆದು ಕಿಂಡಿಗೆ ಇಳಿಬಿಟ್ಟೆ. ಅದರ ಒಂದು ಅಂಚು ತೊಟ್ಟಿಯೊಳಗೆ ಬಿತ್ತು, ಇನ್ನೊಂದು ತೊಟ್ಟಿಯ ಹಿಂದೆ ಬಚ್ಚಲು ಕಾಲುವೆಯವರೆಗೆ ಜೋತಾಡಿತು. ನಾನು ಅದನ್ನು ಗಮನಿಸಲೇ ಇಲ್ಲ. ನನಗೆ ಬೇಕಾದದ್ದು ಮರೆ, ಅದು ಸಿಕ್ಕಿತ್ತು.

ಮರುದಿನದಿಂದ ನೀರು ದಿನಕ್ಕೆ ಒಂದೊಂದು ಬೆರಳು ಇಳಿಯಿತು.

ನನ್ನ ಮನಸ್ಸು ಎಷ್ಟು ಬೇಗ ಉತ್ತರ ಕೊಟ್ಟಿತು ಎಂದರೆ, ಈಗ ನೆನೆದರೂ ಹೆದರಿಕೆಯಾಗುತ್ತದೆ. ಈಗ ಯಾರೂ ನೋಡುತ್ತಿಲ್ಲವಲ್ಲ, ಅದಕ್ಕೇ ಧೈರ್ಯವಾಗಿ ತೆಗೆಯುತ್ತಿದ್ದಾಳೆ! ಕೌದಿ ಹಾಕಿದ ದಿನದಿಂದಲೇ ಹೆಚ್ಚಾದದ್ದು ಅವಳ ವಿರುದ್ಧದ ಸಾಕ್ಷಿಯಾಗಿಯೇ ನನಗೆ ಕಂಡಿತು. ಆರನೆಯ ದಿನ ಅಂತಸ್ತಿನ ಸಭೆಯಲ್ಲಿ ಎದ್ದು ನಿಂತು ಕಸ್ತೂರಿಯ ಹೆಸರು ಹೇಳಿಯೇ ದೂರಿದೆ. ಕಡೆನೀರು ಕದ್ದದ್ದು ಸಾಬೀತಾದರೆ ಮೀನು ಕಿತ್ತುಕೊಂಡು ತೊಟ್ಟಿ ಒಡೆಯುತ್ತಾರೆ. ಆ ಮನೆಯವರು ಕೆಳ ಅಂತಸ್ತುಗಳಿಗೆ ಇಳಿಯಬೇಕು, ಅಲ್ಲಿ ಕೊಳವೆಯೇ ಇಲ್ಲ. ಇದು ಗೊತ್ತಿದ್ದೇ ಹೇಳಿದೆ.

ಮೌನೇಶರು ಅವಸರದ ಮನುಷ್ಯರಲ್ಲ. "ಕಮಾನಿನ ನೀರು ಬಿಡೂಣು," ಎಂದರು. "ತೊಟ್ಟಿ ಎರಡೂ ಬ್ಯಾರೆ ಆಗತಾವು. ನಾಕು ದಿನದಾಗ ಯಾರದು ಇಳಿತೈತಿ ನೋಡೂಣು. ಅಲ್ಲೀತನ ಯಾರೂ ನೀರು ಮುಟ್ಟಬ್ಯಾಡ್ರಿ."

ಅವರೇ ಬಂದು ಬಿರಟೆ ತೆಗೆದರು. ಗಾಳಿ ಒಳಗೆ ನುಗ್ಗಿದ ಸದ್ದು ದೊಡ್ಡ ಪ್ರಾಣಿಯೊಂದು ಉಸಿರು ಎಳೆದುಕೊಂಡಂತಿತ್ತು. ಕಮಾನಿನ ನೀರು ಎರಡು ಪಾಲಾಗಿ ಇಳಿದು ಹೋಯಿತು, ನೆತ್ತಿಯಲ್ಲಿದ್ದ ಮೀನೊಂದು ಕಸ್ತೂರಿಯ ಕಡೆ ಜಾರಿತು. ಒಂಬತ್ತರಲ್ಲಿ ಏಳು ಮೀನು ಅವಳ ಪಾಲಿಗೆ ಹೋದವು, ನನಗೆ ಎರಡು. ಮೀನುಗಳಿಗೂ ಏನಾದರೂ ತಿನ್ನಿಸಿ ಒಲಿಸಿಕೊಂಡಿದ್ದಾಳೆ ಎಂದು ಅಂದು ನಿಜವಾಗಿಯೂ ನಂಬಿದೆ. ಮೌನೇಶರು ಎರಡೂ ತೊಟ್ಟಿಗೆ ಮಸಿಯಿಂದ ಗೆರೆ ಎಳೆದು ಹೋದರು.

ಮೊದಲ ದಿನವೇ ನನ್ನ ತೊಟ್ಟಿಯಲ್ಲಿ ಎರಡು ಬೆರಳು ಇಳಿಯಿತು, ಎರಡನೆಯ ದಿನ ಮತ್ತೆರಡು. ಅವಳು ಗೋಡೆಯಾಚೆಯಿಂದ ಏನೋ ಉಪಾಯ ಮಾಡಿದ್ದಾಳೆ ಎಂದು ಅಂಜಿದೆ. ಮೂರನೆಯ ದಿನ ಮಧ್ಯಾಹ್ನ ಅವಳ ತೊಟ್ಟಿಯನ್ನು ಇಣುಕಿ ನೋಡಲು ಕೌದಿ ಎತ್ತಹೋದೆ. ಎತ್ತಲಾಗಲಿಲ್ಲ, ಭಾರವಾಗಿತ್ತು. ಮೇಲಿನಿಂದ ಕೆಳಗಿನವರೆಗೆ ಒದ್ದೆ. ತೊಟ್ಟಿಯ ಹಿಂದೆ ಬಗ್ಗಿ ನೋಡಿದರೆ ಜೋತ ಅಂಚಿನಿಂದ ಹನಿ, ಹನಿ, ಹನಿ, ಕಾಲುವೆಗೆ ಬೀಳುತ್ತಿತ್ತು. ಹಣತೆಯ ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೆ ಕೌದಿಯ ನೂಲು ನೀರನ್ನು ಏರಿಸಿಕೊಂಡಿತ್ತು. ಅಂಚು ದಾಟಿದ ಮೇಲೆ ನೀರಿಗೆ ಕೆಳಗಿನ ದಾರಿ ಸಿಕ್ಕಿತ್ತು, ಇಳಿಯುವ ನೀರು ಹಿಂದಿನ ನೀರನ್ನು ಎಳೆಯುತ್ತಿತ್ತು. ಎರಡು ತೊಟ್ಟಿಗೆ ಹಂಚಿಹೋಗುತ್ತಿದ್ದ ನಷ್ಟ ಈಗ ನನ್ನೊಬ್ಬಳ ಮೇಲೆ ಬಿದ್ದಿತ್ತು, ಅಷ್ಟೇ.

ಕೌದಿಯನ್ನು ಕಿಂಡಿಯಿಂದ ಎಳೆದು ಕೆಳಗಿಳಿಸುವ ಹೊತ್ತಿಗೆ ಕಸ್ತೂರಿ ಗೋಡೆಯಾಚೆ ಬಂದಳು, ಕೈಯಲ್ಲಿ ಅದೇ ಪಾತ್ರೆ. ನೀರಿಲ್ಲದ ಕಮಾನಿನ ಮೂಲಕ ನೋಡಿದರೆ ಅದು ಒಂದು ತಂಬಿಗೆ, ಒಂದೇ ಕೈಯಲ್ಲಿ ಹಿಡಿಯುವಂಥದ್ದು. ನೀರು ತುಂಬಿದ ದುಂಡು ಗಾಜು ತನ್ನ ಹಿಂದಿನ ವಸ್ತುವನ್ನು ಅಗಲಕ್ಕೆ ಹಿಗ್ಗಿಸಿ ತೋರಿಸುತ್ತದೆ. ಅದು ನನಗೆ ಗೊತ್ತಿರಬೇಕಿತ್ತು, ನಾನು ಗಾಜಿನ ಕೆಲಸದವರ ಮನೆಗೆ ಬಂದ ಸೊಸೆ. ಅವಳು ತಂಬಿಗೆಯ ನೀರನ್ನು ತೊಟ್ಟಿಯ ಪಕ್ಕದ ತುಳಸಿಗೆ ಹಾಕಿ ಹೋದಳು.

ಆಮೇಲೆ ನಾನು ಮಾಡಿದ್ದನ್ನು ಬರೆಯಲೇಬೇಕು. ಕೌದಿ ಹಿಂಡಿ ಒಣಹಾಕಿದೆ. ಅಂದಿನ ನಾಲ್ಕು ಕೊಡ, ಮರುದಿನ ಬೆಳಗಿನ ನಾಲ್ಕು ಕೊಡ, ಎಲ್ಲವನ್ನೂ ತೊಟ್ಟಿಗೆ ಸುರಿದು ಮಸಿಯ ಗೆರೆಗೆ ಮುಟ್ಟಿಸಿದೆ. ಅಡುಗೆ ಮಾಡಲಿಲ್ಲ. ಯಾರ ತಪ್ಪೂ ಇಲ್ಲವೆಂದಾದರೆ ಎಲ್ಲ ತಣ್ಣಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ನಾಲ್ಕನೆಯ ದಿನ ಮೌನೇಶರು ಜನರೊಂದಿಗೆ ಬಂದರು. ನನ್ನ ತೊಟ್ಟಿ ನೋಡಿದರು, ಅವಳದು ನೋಡಿದರು. ಅವಳದು ಗೆರೆಯಿಂದ ಒಂದು ಬೆರಳು ಕೆಳಗಿತ್ತು, ನಾಲ್ಕು ದಿನದ ಗಾಳಿಗೆ ಆರಿದಷ್ಟು. ನನ್ನದು ಗೆರೆಗೆ ಸರಿಯಾಗಿತ್ತು. ಹಿಂದೆ ನಿಂತ ಹೆಂಗಸೊಬ್ಬಳು, "ನೋಡ್ರಿ, ಅಕಿದ ಇಳದೈತಿ," ಎಂದಳು.

ಕಸ್ತೂರಿ ನೆಲ ನೋಡುತ್ತ ಹೇಳಿದಳು. "ನಾ ತಗೊಂಡಿಲ್ರಿ. ನನ್ನ ಕಡೆನ ಎಲ್ಲೋ ಸೋರಾಕತ್ತೈತಿ ಅಂತ ತಿಳಕೊಂಡು ನನ್ನ ಪಾಲಿಂದ ದಿನಾ ಎರಡು ತಂಬಿಗಿ ಹಾಕತಿದ್ದೆ. ಅಕ್ಕಗ ಹೇಳಾಕ ನಾಚಿಕಿ ಆತು. ಮುಟ್ಟಬ್ಯಾಡ್ರಿ ಅಂದ್ರಲ್ಲ, ಈ ನಾಕು ದಿನ ಹಾಕಿಲ್ಲ."

ಯಾರೋ ನಕ್ಕರು. ಕಡೆನೀರಿಗೆ ತನ್ನ ನೀರು ಸುರಿಯುವವರುಂಟೇ ಎಂದು. ನಾನು ಹಿಂದಿನ ದಿನವೂ ಆ ಬೆಳಿಗ್ಗೆಯೂ ಸುರಿದಿದ್ದೆ, ಅವಳ ತಂಬಿಗೆಯನ್ನೂ ಕಂಡಿದ್ದೆ, ಆದ್ದರಿಂದ ಅವಳು ಹೇಳಿದ್ದು ನಿಜವೆಂದು ಆ ಗುಂಪಿನಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಒಳಗೆ ಹೋಗಿ ಕೌದಿ ತಂದು ಮೌನೇಶರ ಮುಂದೆ ಹಾಕಿದೆ. ಅಂಚಿನಲ್ಲಿ ಪಾಚಿ ಹಸಿರು ಹತ್ತಿತ್ತು. ಆದದ್ದನ್ನೆಲ್ಲ ಹೇಳಿದೆ, ಸುರಿದದ್ದನ್ನೂ ಹೇಳಿದೆ.

ಮೌನೇಶರು ಅಂಚು ಮುಟ್ಟಿ ನೋಡಿ, ಕದ್ದವರು ಯಾರೂ ಇಲ್ಲವೆಂದು ಹೇಳಿ ಎರಡೂ ತೊಟ್ಟಿಯ ಮಸಿಗೆರೆ ಒರೆಸಿದರು. ಜನ ಒಬ್ಬೊಬ್ಬರಾಗಿ ಹೋದರು. ಕಸ್ತೂರಿ ಮಾತ್ರ ನಿಂತಿದ್ದಳು.

"ಅಕ್ಕಾ, ಕೌದಿ ತೊಯ್ದದ್ದು ನಿಮಗ ಯಾವಾಗ ಗೊತ್ತಾತು?"

"ನಿನ್ನೆ ಮಧ್ಯಾಹ್ನ."

"ಅಂದ್ರ ಒಂದು ರಾತ್ರಿ ಗೊತ್ತಿತ್ತು," ಎಂದಳು. ಜಗಳ ಮಾಡಲಿಲ್ಲ, ಅಳಲಿಲ್ಲ. ನಾನು ತಪ್ಪು ತಿಳಿದುಕೊಂಡ ಅಷ್ಟು ದಿನಗಳ ಬಗ್ಗೆ ಅವಳು ಇಂದಿಗೂ ಒಂದು ಮಾತು ಆಡಿಲ್ಲ. ಗೊತ್ತಿದ್ದೂ ಸುಮ್ಮನಿದ್ದ ಆ ಒಂದು ರಾತ್ರಿಯೇ ಅವಳಿಗೆ ಸಾಕಾಯಿತು.

ಹನ್ನೊಂದು ದಿನದ ಮೇಲೆ ಕಮಾನಿಗೆ ಮತ್ತೆ ನೀರು ಏರಿಸಿದೆವು. ನೆತ್ತಿಯ ನಳಿಗೆಯಿಂದ ಇಬ್ಬರೂ ಸರದಿಯಲ್ಲಿ ಗಾಳಿ ಎಳೆದೆವು. ಮೀನುಗಳು ಮೊದಲಿನ ಹಾಗೆಯೇ ಹಾಯ್ದಾಡುತ್ತವೆ. ಅವಳು ಈಗ ಪ್ರತಿ ಬೆಳಿಗ್ಗೆ ತನ್ನ ತೊಟ್ಟಿಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಾಳೆ. ಅದರ ಕಿರ್ ಸದ್ದು ಕಿಂಡಿಯಿಂದ ಕೇಳುತ್ತದೆ. ಅದು ಅವಳ ಹಕ್ಕು.

ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ನಿಮ್ಮ ಗಾಜಿನ ತೊಟ್ಟಿಯಲ್ಲಿ ನೀರು ಇಳಿದರೆ ಗಾಳಿಯನ್ನು ನೋಡಿ, ಬಟ್ಟೆಯನ್ನು ನೋಡಿ, ನಿಮ್ಮ ಕಡೆಯ ಹಿಂಬದಿಗೆ ಬಗ್ಗಿ ನೋಡಿ. ದುಂಡು ಗಾಜಿನ ಆಚೆ ಕಂಡದ್ದನ್ನು ಗೋಡೆ ಸುತ್ತಿ ಹೋಗಿ ಬರಿಗಣ್ಣಿನಿಂದ ಇನ್ನೊಮ್ಮೆ ನೋಡಿ. ನಾನು ಬದಲಾದೆ ಎಂದು ಬರೆದು ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ನಿನ್ನೆ ನೀರು ಅವಳ ಗೆರೆಗಿಂತ ಬೆರಳಗಲದ ಕಾಲು ಭಾಗ ಕೆಳಗಿತ್ತು, ಕಸ್ತೂರಿ ಅದನ್ನು ನೋಡಿಯೂ ನನ್ನನ್ನು ಏನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಇಡೀ ದಿನ ಯೋಚಿಸಿದೆ. ಈ ಕಾಗದ ಮುಗಿಸಿ ಅವಳ ಬಾಗಿಲಿಗೆ ಹೋಗಿ ನಾನೇ ಕೇಳುತ್ತೇನೆ.

ನಿಮ್ಮ ನೀರು ತಿಳಿಯಾಗಿರಲಿ.

ನೀಲಗಂಗಾ