ಅಪ್ಪನ ಗಂಟೆ ಮುಗಿದ ಮೇಲೆ

ಭಾನುವಾರ, ಮಾರ್ಚ್ ೯
ಅಂಗಡಿಯ ಮುಂಬಾಗಿಲು ಹಾಕಿಕೊಂಡು ಬರೆದದ್ದು

ಗಡಿಯಾರದವರಿಗೆ ಹೊಲಿಗೆಯವಳ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ಮುಕ್ಕಾಲು ಪಾಲು ಕ್ಷೇಮ ಎಂದುಕೊಳ್ಳಿ. ಉಳಿದ ಕಾಲು ಪಾಲಿಗಾಗಿಯೇ ಈ ಕಾಗದ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಎರಡನೆಯ ಮಾತಿಗೆ ನಾನು ಸಿಡಿಯುತ್ತೇನೆ, ಮೂರನೆಯ ಮಾತಿಗೆ ನೀವು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ನಡುವೆ ಇಡಲಾಗುವುದಿಲ್ಲ. ಹರಿದು ಹಾಕಬಹುದು, ನಿಜ. ಆದರೆ ಮುರಿದ ಸ್ಪ್ರಿಂಗಿನ ತುಂಡನ್ನೂ ಬಿಸಾಡದೆ ಡಬ್ಬಿಯಲ್ಲಿ ಕೂಡಿಡುವ ನಿಮ್ಮ ಕೈಗೆ ಅದು ಆಗದ ಕೆಲಸ ಎಂಬ ಧೈರ್ಯ ನನಗಿದೆ.

ಮೊದಲು ಅಂಗಡಿಯ ಸಮಾಚಾರ. ನನ್ನ ಹೊಲಿಗೆ ಮೇಜಿನ ಎದುರಿಗಿರುವ ನಿಮ್ಮ ಮೇಜನ್ನು ಹಾಗೆಯೇ ಬಿಟ್ಟಿದ್ದೇನೆ, ಭೂತಗನ್ನಡಿಯ ಮೇಲೆ ಮಾತ್ರ ಒಂದು ಬಟ್ಟೆ ಹೊದಿಸಿದ್ದೇನೆ. ಕೇಳಿದವರಿಗೆಲ್ಲ, ಭಾವನ ಅಂಗಡಿಯಲ್ಲಿ ಕೆಲಸ ಮೈಮೇಲೆ ಬಿದ್ದಿದೆ, ಇವರು ಹೋಗಿ ಕೈ ಜೋಡಿಸಿದ್ದಾರೆ ಎನ್ನುತ್ತೇನೆ. ಮೊದಮೊದಲು ನಂಬಿದರು. ಈಗ "ಇನ್ನೂ ಮುಗೀಲಿಲ್ವಾ ಆ ಕೆಲಸ?" ಎಂದು ಕೇಳಿ ನನ್ನ ಮುಖದ ಅಳತೆ ತೆಗೆಯುತ್ತಾರೆ. ಅಳತೆ ತೆಗೆಯುವ ಕಸುಬು ನನ್ನದು, ನನಗೇ ಟೇಪು ಹಿಡಿಯುತ್ತಾರೆ ನೋಡಿ!

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಸಂಜೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದಕ್ಕೆ ನಾನು ಬರೆಯುತ್ತಿಲ್ಲ. "ನೀವು ಗಡಿಯಾರದ ಜೊತೆ ಸಂಸಾರ ಮಾಡೋಕೇ ಲಾಯಕ್ಕು, ಮನುಷ್ಯರ ಜೊತೆಗಲ್ಲ" ಎಂದೆ. ನೀವು ಬೆಳಿಗ್ಗೆ ಎದ್ದು ಚೀಲ ಕಟ್ಟಿದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಡೆದದ್ದನ್ನು ಅಂಟಿಸುತ್ತಾ ಕೂರುವ ವಯಸ್ಸು ನಮಗಿಬ್ಬರಿಗೂ ಇಲ್ಲ. ಈ ಕಾಗದ ನನಗಾಗಿ ಅಲ್ಲ, ನಮ್ಮ ಕೂಸಿಗಾಗಿ.

ಶನಿವಾರದ ಗಂಟೆ ಕ್ಲಾಸಿಗೆ ನಾವಿಬ್ಬರೂ ತಪ್ಪದೆ ಹೋಗುತ್ತಿದ್ದೇವೆ. ನಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋದವರೇ ನೀವು ಎಂಬುದು ನೆನಪಿದೆ ತಾನೆ? ಲೈಬ್ರರಿಯ ಬಾಗಿಲಲ್ಲಿ "ಏಳು ವರ್ಷದವರಿಂದ ಎಂಬತ್ತರವರೆಗೆ ಎಲ್ಲರಿಗೂ ಸಂಗೀತ, ಏನೂ ಗೊತ್ತಿಲ್ಲದವರಿಗೂ ಸ್ವಾಗತ" ಎಂಬ ಬೋರ್ಡು ಓದಿ ಬಂದು, "ಏನೂ ಗೊತ್ತಿಲ್ಲದವರು ನಮ್ಮನೇಲೇ ಮೂರು ಜನ ಇದ್ದೀವಲ್ಲ, ನಡೀರಿ" ಎಂದಿರಿ. ಆವತ್ತು ಮೂವರೂ ಮೆಟ್ಟಿಲು ಹತ್ತಿ ಆ ಮೇಲಿನ ಹಾಲಿಗೆ ಹೋದದ್ದು, ಹಸಿರು ಬಟ್ಟೆ ಹಾಸಿದ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟ ಹಿತ್ತಾಳೆಯ ಕೈಗಂಟೆಗಳನ್ನು ಕಂಡು ನೀವು ಒಳ್ಳೆ ಮಿಠಾಯಿ ಅಂಗಡಿಯ ಮುಂದೆ ನಿಂತ ಮಗುವಿನಂತೆ ನಿಂತದ್ದು, ಎಲ್ಲ ನನ್ನ ಕಣ್ಣಿಗೆ ಕಟ್ಟಿದಂತಿದೆ.

ತಲೆಗೊಂದು ಗಂಟೆ, ಗಂಟೆಗೊಂದೇ ಸ್ವರ. ಗೋಡೆಯ ಪಟದಲ್ಲಿ ಬಣ್ಣಬಣ್ಣದ ಚುಕ್ಕಿಗಳು. ನಮ್ಮ ಬಣ್ಣ ಬಂದಾಗ ನಾವು ಬಾರಿಸಬೇಕು, ಬಾರಿಸಿದ ಕೂಡಲೇ ಗಂಟೆಯನ್ನು ಎದೆಗೆ ಒತ್ತಿ ಸದ್ದು ನಿಲ್ಲಿಸಬೇಕು. ನನ್ನದು ಕೆಂಪು, ಆಮೇಲೆ ನಿಮ್ಮ ನೀಲಿ, ಅದರ ಹಿಂದೆಯೇ ಕೂಸಿನ ಹಳದಿ. ಟೀಚರಮ್ಮ ಮೊದಲ ದಿನವೇ ಹೇಳಿದ ನಿಯಮವೂ ನಿಮಗೆ ಗೊತ್ತು: ಒಬ್ಬರ ಗಂಟೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಯಾರಾದರೂ ಬರದಿದ್ದರೆ ಅವರ ಸ್ವರವನ್ನು ಖಾಲಿಯೇ ಬಿಡಬೇಕು. "ಹಾಡಿನಲ್ಲಿ ತೂತು ಬಿದ್ರೆ ಬೀಳ್ಲಿ. ಯಾರು ಬಂದಿಲ್ಲ ಅಂತ ಎಲ್ಲರಿಗೂ ಕೇಳಿಸ್ಲಿ" ಎನ್ನುತ್ತಾರಲ್ಲ, ಅದೇ.

ನನ್ನ ವಿಷಯಕ್ಕೆ ಬಂದರೆ, ನಾನು ಈಗ ಭಾರಿ ಪಳಗಿದ್ದೇನೆ. ಸೂಜಿಗೆ ದಾರ ಪೋಣಿಸಿದಷ್ಟು ಕರಾರುವಾಕ್ಕಾಗಿ ನನ್ನ ಗಂಟೆ ಬೀಳುತ್ತದೆ. ಆ ದೊಡ್ಡ ಗಂಟೆ ಹಿಡಿಯುವ ಬಸ್ ಡ್ರೈವರ್ ಅಂತೂ ನನ್ನ ಕಡೆ ನೋಡಿಕೊಂಡೇ ಲೆಕ್ಕ ಇಡುತ್ತಾರೆ. ಹೊಟ್ಟೆ ಉರಿದುಕೊಳ್ಳಬೇಡಿ.

ಕೂಸಿನ ಮಾತು ಬೇರೆ. ಇಪ್ಪತ್ತಾರು ತುಂಬಿದರೂ ನಮ್ಮಿಬ್ಬರ ಬಾಯಲ್ಲಿ ಇನ್ನೂ ಕೂಸೇ ಆಗಿ ಉಳಿದ ನಮ್ಮ ಮಗಳು. ಅವಳು ಚಿಕ್ಕವಳಿದ್ದಾಗ ಡಾಕ್ಟರು ಒಂದು ಉದ್ದನೆಯ ಹೆಸರು ಹೇಳಿದರು, ನಾವು ಅದನ್ನು ಆಸ್ಪತ್ರೆಯ ಮೆಟ್ಟಿಲಲ್ಲೇ ಬಿಟ್ಟು "ನಮ್ಮವಳು ಸ್ವಲ್ಪ ನಿಧಾನ" ಎಂದು ಇಟ್ಟುಕೊಂಡೆವು. ನಿಧಾನವೇ ಹೌದು. ಗುಂಡಿಗಳನ್ನು ಬಣ್ಣವಾರು ಬೇರೆ ಮಾಡಲು ಕೊಟ್ಟರೆ ಇಡೀ ದಿನ ತೆಗೆದುಕೊಳ್ಳುತ್ತಾಳೆ, ಆದರೆ ಒಂದೇ ಒಂದು ಗುಂಡಿ ಆಚೀಚೆ ಆಗುವುದಿಲ್ಲ.

ಆ ಸಂಜೆ ನಡೆದದ್ದನ್ನು ನಾನು ಮತ್ತೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಮುಂದಿನ ಮಾತಿಗೆ ಅದು ಬೇಕು. ಎಂದಿನಂತೆ ಕೂಸಿನ ಗಂಟೆ ತಡವಾಗಿ ಬಿತ್ತು. ಮತ್ತೆ ಬಾರಿಸಿದೆವು, ಮತ್ತೆ ತಡ. ಯಾರೂ ಏನೂ ಅನ್ನಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಹೊಸದಾಗಿ ನೋಡಲು ಬಂದವರು ಇಬ್ಬರು ನಕ್ಕರು. ಆ ನಗು ನಿಮಗೆ ತಾಗಿತು ಎಂದು ನನಗೆ ಗೊತ್ತು, ನನಗೂ ತಾಗಿತ್ತು. ಮೂರನೆಯ ಸಲ ನೀವು ಅವಳ ಕೈಯಿಂದ ಗಂಟೆ ಕಿತ್ತುಕೊಂಡು "ಎಷ್ಟು ಸಲ ಹೇಳೋದು, ಹೀಗೆ!" ಎಂದು ನೀವೇ ಬಾರಿಸಿದಿರಿ. ಸರಿಯಾದ ಹೊತ್ತಿಗೇ ಬಾರಿಸಿದಿರಿ, ಅದರಲ್ಲಿ ಎರಡು ಮಾತಿಲ್ಲ. ಕೂಸು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಆವತ್ತಿನಿಂದ ಅವಳು ಗಂಟೆಯನ್ನು ಎತ್ತಿಲ್ಲ. ಪ್ರತಿ ಶನಿವಾರ ಎಲ್ಲರಿಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ, ಬರುತ್ತಾಳೆ, ತನ್ನ ಕುರ್ಚಿಯಲ್ಲಿ ಕೂರುತ್ತಾಳೆ, ಕೈ ಮಡಿಲಲ್ಲಿ. ನಿಮ್ಮ ಕುರ್ಚಿಯಲ್ಲಿ ಚೀಲ ಇಡಲು ಯಾರಾದರೂ ಬಂದರೆ ಮಾತ್ರ ಕಣ್ಣು ಕೆಂಪಗೆ ಮಾಡುತ್ತಾಳೆ. ಅವಳ ಮನಸ್ಸು ಮುರಿದಿದೆ ಎಂದೇ ನಾನು ತಿಳಿದಿದ್ದೆ. "ನನ್ನ ಮುಖ ಕಂಡ್ರೆ ಆ ಮಗೂಗೆ ಇನ್ನು ಆಗೋಲ್ಲ, ನಾನು ದೂರ ಇರೋದೇ ವಾಸಿ" ಎಂದು ನೀವು ಅಕ್ಕನ ಹತ್ತಿರ ಹೇಳಿಕೊಂಡದ್ದೂ ನನ್ನ ಕಿವಿಗೆ ಬಿದ್ದಿದೆ. ನನ್ನ ಓರಗಿತ್ತಿಯ ಹತ್ತಿರ ಗುಟ್ಟು ಹೇಳುವ ಮೊದಲು, ಅವರೂ ನಾನೂ ವಾರಕ್ಕೊಮ್ಮೆ ಮಾತಾಡುತ್ತೇವೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕಿತ್ತು ನೀವು.

ಈಗ ಬುಧವಾರದ ಸಂಗತಿ ಕೇಳಿ. ನೀವು ರಿಪೇರಿ ಮಾಡಿ ಗೋಡೆಗೆ ತೂಗುಹಾಕಿದ್ದ ಆ ಹಳೆಯ ದೊಡ್ಡ ಗಡಿಯಾರವನ್ನು ಕೊಳ್ಳುವವರು ನೋಡಲು ಬರುತ್ತಾರೆಂದು ನಾನೇ ಕೀ ಕೊಟ್ಟೆ. ಕೂಸು ಒಳಗಿಂದ ಬಂದು, "ಅಮ್ಮಾ, ನೀಲಿ ದಾರ" ಎನ್ನುವಷ್ಟರಲ್ಲಿ ಅದು ಹೊಡೆಯತೊಡಗಿತು. ಅವಳು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡಳು. ಹೊಡೆದು ಮುಗಿಯಿತು. ಅವಳಿನ್ನೂ ಸುಮ್ಮನೆ ನಿಂತಿದ್ದಳು, ತಲೆ ಒಂದು ಕಡೆ ವಾಲಿಸಿ. ಕೊನೆಯ ಹೊಡೆತದ ಗುಂಯ್ ಎನ್ನುವ ನಾದವೂ ಪೂರ್ತಿ ಅಡಗಿದ ಮೇಲೆ, "ನೀಲಿ ದಾರ ಎಲ್ಲಿದೆ?" ಎಂದಳು.

ಯಾಕೆ ನಡುವೆ ನಿಲ್ಲಿಸಿದೆ ಎಂದು ಕೇಳಿದೆ.

"ಅದು ಮಾತಾಡ್ತಿತ್ತಲ್ಲ. ಒಬ್ರು ಮಾತಾಡ್ತಿರುವಾಗ ನಡುವೆ ಬಾಯಿ ಹಾಕಬಾರದು. ಅಪ್ಪ ಹೇಳಿದ್ದಾರೆ."

ಹೇಳಿದ್ದೀರಿ, ರೀ. ಅವಳು ಗಿರಾಕಿಗಳ ನಡುವೆ ನುಗ್ಗಿ ಚಿಲಿಪಿಲಿ ಮಾಡುತ್ತಿದ್ದ ಕಾಲದಲ್ಲಿ ಹೇಳಿದಿರಿ, ವರ್ಷಗಟ್ಟಲೆ ಹೇಳಿದಿರಿ. ಅವಳಿಗೆ ಒಂದು ಪಾಠ ತಲೆಗೆ ಹತ್ತುವುದು ಕಷ್ಟ, ಹತ್ತಿತೋ ಜನ್ಮಕ್ಕೂ ಇಳಿಯುವುದಿಲ್ಲ. ನನ್ನ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು ಅವಳನ್ನು ಹತ್ತಿರ ಕೂರಿಸಿಕೊಂಡು, ಕ್ಲಾಸಿನಲ್ಲಿ ನಿನ್ನ ಗಂಟೆ ಯಾಕೆ ತಡವಾಗುತ್ತಿತ್ತು ಎಂದು ಕೇಳಿದೆ. ಇಷ್ಟು ದಿನ ನಾವು ಯಾರೂ ಅವಳನ್ನು ಕೇಳಿಯೇ ಇರಲಿಲ್ಲ ನೋಡಿ. ಅವಳು ನಿಧಾನ ಎಂದು ನಾವೇ ಉತ್ತರ ಕೊಟ್ಟುಕೊಂಡಿದ್ದೆವು.

"ಅಪ್ಪನ ಗಂಟೆ ಮುಗಿದಿರ್ತಿರ್ಲಿಲ್ಲ" ಎಂದಳು.

ಎಲ್ಲರೂ ಬಾರಿಸಿದ ಕೂಡಲೇ ಗಂಟೆಯನ್ನು ಎದೆಗೆ ಒತ್ತುತ್ತಾರೆ. ಒತ್ತದ ಮಹಾನುಭಾವರು ಒಬ್ಬರೇ. ಟೀಚರಮ್ಮ ಎಷ್ಟು ಸಲ ಹೇಳಿಲ್ಲ! "ಇಷ್ಟು ಒಳ್ಳೆ ನಾದಾನ ಕತ್ತು ಹಿಸುಕಿ ಸಾಯಿಸೋದಾ?" ಎಂದು ನೀವು ಅದನ್ನು ಕೊನೆಯ ಎಳೆಯವರೆಗೂ ಗಾಳಿಯಲ್ಲಿ ತೇಲಿಸುತ್ತಿದ್ದಿರಿ. ನಮಗೆಲ್ಲ ಅದು ಎರಡು ಕ್ಷಣಕ್ಕೆ ಕೇಳದಾಗುತ್ತಿತ್ತು. ಕೂಸಿಗೆ ಕೇಳುತ್ತಲೇ ಇತ್ತು. ಅಪ್ಪ ಮಾತು ಮುಗಿಸಲಿ ಎಂದು ಅವಳು ಕಾಯುತ್ತಿದ್ದಳು. ತಡ ಮಾಡುತ್ತಿದ್ದವಳು ಅವಳಲ್ಲ.

ನಾನು ಆಗಲೇ ಅತ್ತೆ, ಈಗ ಬರೆಯುವಾಗ ಅಳುತ್ತಿಲ್ಲ. ಮತ್ತೆ ಕೇಳಿದೆ: ಹಾಗಾದರೆ ಈಗ ಯಾಕೆ ಬಾರಿಸುವುದಿಲ್ಲ, ಅಪ್ಪನ ಮೇಲೆ ಕೋಪವಾ? ಇಂಥ ಪೆದ್ದು ಪ್ರಶ್ನೆಯನ್ನು ಕೇಳಿಯೇ ಇಲ್ಲ ಎನ್ನುವ ಹಾಗೆ ನನ್ನ ಮುಖ ನೋಡಿದಳು.

"ಅಪ್ಪಂದು ಆದ್ಮೇಲೆ ನಂದು. ಅಪ್ಪಂದು ಇನ್ನೂ ಆಗಿಲ್ವಲ್ಲ."

ಇಷ್ಟೇ. ಕೋಪವಿಲ್ಲ, ಮುನಿಸಿಲ್ಲ, ಮನಸ್ಸು ಮುರಿದೂ ಇಲ್ಲ. ಸರದಿಗಾಗಿ ಕೂತಿದ್ದಾಳೆ. ನೀವು ಅಲ್ಲಿ ನಾಚಿಕೆಯಿಂದ ಮುಖ ಮರೆಸಿಕೊಂಡು ಕೂತಿದ್ದೀರಿ, ನಾನು ಇಲ್ಲಿ ನಿಮಗೆ ಶಾಪ ಹಾಕುತ್ತಾ ಕೂತಿದ್ದೇನೆ, ಯಾರ ಸಲುವಾಗಿ ನಾವು ಜಗಳವಾಡಿದೆವೋ ಅವಳಿಗೆ ಜಗಳವೇ ಇಲ್ಲ!

ನಿನ್ನೆ ಕ್ಲಾಸಿಗೆ ಬೇಗ ಹೋಗಿ ಟೀಚರಮ್ಮನಿಗೆ ಎಲ್ಲ ಹೇಳಿದೆ. ಅವರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು, ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು. "ಎದೆಗೆ ಒತ್ತಿ ಅಂತ ನಿಮ್ಮೆಜಮಾನ್ರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅವರು ಬದಲಾಗೋಲ್ಲ, ಹಾಡನ್ನೇ ಬದಲಾಯಿಸೋಣ ಬಿಡಿ" ಎಂದು ಹಾಲಿಗೆ ಹೋಗಿ ಕುರ್ಚಿ ಹತ್ತಿ, ಪಟದಲ್ಲಿ ನೀಲಿ ಚುಕ್ಕಿಗೂ ಹಳದಿ ಚುಕ್ಕಿಗೂ ನಡುವೆ ಬಿಳಿ ಕಾಗದ ಅಂಟಿಸಿ "ಇಲ್ಲಿ ಎಲ್ಲರೂ ಕಾಯುವುದು" ಎಂದು ಬರೆದರು. ನಿನ್ನೆಯೆಲ್ಲ ಕಾಯುವುದನ್ನೇ ಅಭ್ಯಾಸ ಮಾಡಿದೆವು. ಡ್ರೈವರ್ ಮಾತ್ರ ಕಾಲು ಕುಣಿಸುತ್ತಾ, "ಸಿಗ್ನಲ್‌ನಲ್ಲಿ ನಿಂತ ಹಾಗೆ ಆಗ್ತದೆ ಕಣಮ್ಮ, ಆದ್ರೂ ನಿಲ್ತೀನಿ" ಎಂದರು.

ತೊಂದರೆ ಒಂದೇ. ಎಷ್ಟು ಹೊತ್ತು ಕಾಯಬೇಕು ಎಂದು ಯಾರಿಗೂ ಗೊತ್ತಿಲ್ಲ. ನಿಮ್ಮ ಗಂಟೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಕೂಸಿಗೆ ಮಾತ್ರ ಗೊತ್ತು, ಅದನ್ನು ಬಾರಿಸುವ ಹಕ್ಕು ನಿಮಗೆ ಮಾತ್ರ ಇದೆ. ಈ ತಿಂಗಳ ಕೊನೆಗೆ ಲೈಬ್ರರಿಗೆ ಬರುವವರ ಎದುರು ಬಾರಿಸುವುದಿದೆ. ಆವತ್ತು ಅವಳು ಹೊಸ ಉಡುಪು ಹಾಕಿಕೊಂಡು ಕೈ ಮಡಿಲಲ್ಲಿಟ್ಟು ಕೂರಬೇಕೋ, ಗಂಟೆ ಹಿಡಿದು ಕೂರಬೇಕೋ ಎಂಬುದು ನಿಮಗೆ ಬಿಟ್ಟದ್ದು. ಉಡುಪು ಹಳದಿಯದೇ, ನಾನೇ ಹೊಲಿದದ್ದು.

ಕ್ಲಾಸು ಶನಿವಾರ ಸಂಜೆ ನಾಲ್ಕಕ್ಕೆ. ಗಡಿಯಾರದವರಿಗೆ ಹೊತ್ತು ಹೇಳಿಕೊಡುವಷ್ಟು ದೊಡ್ಡವಳಲ್ಲ ನಾನು. ನನಗೆ ನಿಮ್ಮಿಂದ ಆಗಬೇಕಾದದ್ದೇನೂ ಇಲ್ಲ, ಮತ್ತೊಮ್ಮೆ ಹೇಳುತ್ತಿದ್ದೇನೆ. ಭಾವನಿಗೂ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳದೆ ಹೊರಗೆ ತಿರುಗಬೇಡಿ.

ಇಂತಿ,
ಎದುರು ಮೇಜಿನವಳು

ತಾ.ಕ.: ಕವರಿಗೆ ಅಂಟು ಹಚ್ಚುವಾಗ ಕೂಸು ಬಂದು, "ಎಲ್ಲಾ ಬರೆದ್ಯಾ?" ಎಂದು ಕೇಳಿದಳು. ಅವಳ ಎದುರು ಸುಳ್ಳು ಹೇಳಲು ನನಗೆ ಬರುವುದಿಲ್ಲ, ಹಾಗಾಗಿ ಮತ್ತೆ ಕಾಗದ ಹೊರತೆಗೆದೆ. ನಾನು ಪಳಗಿದ್ದೇನೆ, ಡ್ರೈವರ್ ನನ್ನನ್ನು ನೋಡಿ ಲೆಕ್ಕ ಇಡುತ್ತಾರೆ ಎಂದು ಬರೆದದ್ದೆಲ್ಲ ಬರೀ ಜಂಬ. ನೀವು ಹೋದಾಗಿನಿಂದ ನಾನೂ ಬಾರಿಸಿಲ್ಲ. ಗಂಟೆಯನ್ನು ಎತ್ತುತ್ತೇನೆ, ಪಕ್ಕದ ಖಾಲಿ ಕುರ್ಚಿ ನೋಡುತ್ತೇನೆ, ಇಳಿಸುತ್ತೇನೆ. ಹಾಡಿನಲ್ಲಿ ತೂತು ಎರಡಲ್ಲ, ಮೂರು. ಟೀಚರಮ್ಮ ಇದುವರೆಗೂ ಒಂದು ಮಾತು ಕೇಳಿಲ್ಲ. ಆದರೆ ಪಟದಲ್ಲಿ ನನ್ನ ಕೆಂಪು ನಿಮ್ಮ ನೀಲಿಗಿಂತ ಮೊದಲು ಬರುತ್ತದೆ, ನಾನು ಬಾರಿಸದೆ ನಿಮ್ಮ ಸರದಿ ಬರುವುದಾದರೂ ಹೇಗೆ ಎಂದು ಇವತ್ತು ಹೊಳೆಯಿತು. ಈ ಕಾಗದವನ್ನೇ ನನ್ನ ಗಂಟೆ ಎಂದು ತಿಳಿದುಕೊಳ್ಳಿ. ಮುಂದಿನದು ನಿಮ್ಮದು.