ಹೊರಗೆ ಕೂತವಳು

ಆಗಸ್ಟ್ ೨೨, ಗುರುವಾರ.

ತಂಗಿ ವತ್ಸಲಾಳ ವರದಿ ಬಂತು. ಗರ್ಭಕೋಶದ ಕ್ಯಾನ್ಸರ್. ಒಳಪದರದಲ್ಲಿ ಹುಟ್ಟಿ ನಿಧಾನವಾಗಿ ಬೆಳೆಯುವ ಬಗೆಯೇ ಹೆಚ್ಚು, ಸ್ನಾಯುವಿನಲ್ಲಿ ಹುಟ್ಟುವ ಸಾರ್ಕೋಮಾ ಅಪರೂಪ ಎಂದು ಡಾಕ್ಟರು ಬಿಡಿಸಿ ಹೇಳಿದರು. ಇವಳದು ಸೀರಸ್ ಎಂಬ ಬಗೆ. ಅದೂ ಒಳಪದರದ್ದೇ, ಆದರೆ ಬೇಗ ಹರಡುತ್ತದೆ. ಮೊದಲೇ ಯಾಕೆ ಕರೆತರಲಿಲ್ಲ ಎಂದು ಕೇಳಿದರು.

ಯಾಕೆ? ನಾನು ಮರೆತಿಲ್ಲ. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ, ಕಳೆದ ದೀಪಾವಳಿಗೆ ಮತ್ತೆ ರಕ್ತ ಕಂಡಿತು. ಅವಳ ಗಂಡ ನರಹರಿ, ಕೋರಾಡಿಯ ವಿದ್ಯುತ್ ಸ್ಥಾವರದ ಎಂಜಿನಿಯರು, "ಅಕ್ಕಾ, ನಿಮ್ಮ ತಂಗಿಗೆ ಮತ್ತ ಹರೇದ ವಯಸ್ಸು ಬಂದದ ನೋಡ್ರಿ" ಎಂದು ನಕ್ಕ. ಅಂದಿನಿಂದ ರಕ್ತ ಕಂಡಾಗಲೆಲ್ಲ ಅವಳನ್ನು ಅಡುಗೆಮನೆ, ದೇವರಮನೆ ಬಿಡಿಸಿ ವರಾಂಡದಲ್ಲಿ ಚಾಪೆ ಹಾಕಿ ಕೂರಿಸಿದ. ಡಾಕ್ಟರ ನೆನಪು ಮಾತ್ರ ಆಗಲಿಲ್ಲ.

ಇವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳುತ್ತಾನೆ: "ಗರ್ಭಚೀಲ ತಗದ ಮ್ಯಾಲೆ ಅಕಿ ಪೂಜಾಕ್ಕ ಕೂತರ ನಡೀತದಲ್ಲಕ್ಕಾ?"

ನಾನು ಬಾಯಿ ತೆರೆಯುವ ಮೊದಲೇ ವತ್ಸಲಾ ಅಂದಳು: "ಬರೋಬರ್ ನಡೀತದ. ಸತ್ತರ ಇನ್ನೂ ಚಲೋ. ಸೂತಕ ನಿಮಗ್ರೀ, ನನಗಲ್ಲ. ಆವಾಗ ನೀವು ಕೂಡ್ರಿ ಹೊರಗ."

ಅವನ ಮುಖ ನೋಡಿ ನನಗೆ ತೃಪ್ತಿಯಾಯಿತು. ಆದರೆ ಮನೆಗೆ ಬಂದವಳು, ಯಾರೂ ಹೇಳದೆ, ತನ್ನ ಚಾಪೆಗೇ ಹೋಗಿ ಕೂತಳು.